ಮೇಷ್ಟ್ರ ವಿಎಫ್‌ಒ ಜಾರುತ್ತಿತ್ತು: ಒಂದು ಪ್ರಕರಣ ಅಧ್ಯಯನ

ಮನೆಯಲ್ಲೇ ಕಟ್ಟಿದ ಒಂದು ವಿಎಫ್‌ಒ ಸುಮಾರು ಮೂರು ತಿಂಗಳು ಸತಾಯಿಸಿ, ಕೊನೆಗೆ ಹೇಗೆ ಒಂದು ಕಡೆ ನಿಂತಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಟ್ಟಿದವರು ನಾನಲ್ಲ. ನಾನು ಪಕ್ಕದಲ್ಲಿ ಕೂತು ನೋಡಿದವನು, ಆಗಾಗ ಸಲಹೆ ಕೊಟ್ಟವನು. ಅದರಲ್ಲಿ ಒಂದು ಸಲಹೆ ತಪ್ಪಾಗಿತ್ತು, ಅದನ್ನೂ ಬರೆದಿದ್ದೇನೆ. ಕಟ್ಟಿದವರ ಒಪ್ಪಿಗೆ ಕೇಳಿಯೇ ಬರೆಯುತ್ತಿರುವುದು. ಹೆಸರು, ಊರು, ಕಾಲ್ ಸೈನ್ (ರೇಡಿಯೋದಲ್ಲಿ ಬಳಸುವ ಗುರುತಿನ ಹೆಸರು) ಯಾವುದನ್ನೂ ಹಾಕಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ. ಅಂಕಿಗಳು ಮಾತ್ರ ಅವರು ಬರೆದಿಟ್ಟ ಹಾಗೇ ಇವೆ.

ಗೊತ್ತಿಲ್ಲದವರಿಗೆ ಎರಡು ಮಾತು. ವಿಎಫ್‌ಒ ಅಂದರೆ ವೇರಿಯಬಲ್ ಫ್ರೀಕ್ವೆನ್ಸಿ ಆಸಿಲೇಟರ್. ಒಂದು ಕಾಯಿಲ್, ಕೆಲವು ಕೆಪಾಸಿಟರ್, ಒಂದು ಟ್ರಾನ್ಸಿಸ್ಟರ್, ಅಷ್ಟೇ. ಕಾಯಿಲ್ ಮತ್ತು ಕೆಪಾಸಿಟರ್ ಸೇರಿ ಯಾವ ಆವರ್ತನ ಅಂತ ತೀರ್ಮಾನಿಸುತ್ತವೆ, ಟ್ರಾನ್ಸಿಸ್ಟರ್ ಆ ತೂಗಾಟ ನಿಲ್ಲದ ಹಾಗೆ ನೋಡಿಕೊಳ್ಳುತ್ತದೆ. ಗುಂಡಿ ತಿರುಗಿಸಿದರೆ ಕೆಪಾಸಿಟರ್ ಬದಲಾಗುತ್ತದೆ, ರೇಡಿಯೋ ಬೇರೆ ಸ್ಟೇಷನ್ನಿಗೆ ಹೋಗುತ್ತದೆ. ಕಟ್ಟುವುದು ಒಂದು ಸಂಜೆಯ ಕೆಲಸ. ಕಷ್ಟ ಇರುವುದು ಅದನ್ನು ಒಂದೇ ಆವರ್ತನದಲ್ಲಿ ನಿಲ್ಲಿಸುವುದರಲ್ಲಿ. ಮುಟ್ಟದಿದ್ದರೂ ಆವರ್ತನ ತಾನಾಗೇ ಸರಿಯುವುದನ್ನೇ ಜಾರುವುದು ಅನ್ನುತ್ತೇವೆ.

ಹಿನ್ನೆಲೆ

ಅವರು ನಿವೃತ್ತ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು, ಮಲೆನಾಡಿನ ಒಂದು ಸಣ್ಣ ಊರಿನವರು. ನಾವೆಲ್ಲ ಅವರನ್ನು ಮೇಷ್ಟ್ರೇ ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ. ನಿವೃತ್ತಿ ಆದಮೇಲೆ ಪರೀಕ್ಷೆ ಬರೆದು ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಅನುಮತಿ, ತೆಗೆದುಕೊಂಡರು. ರೇಡಿಯೋ ಕೊಳ್ಳುವುದಿಲ್ಲ, ಕಟ್ಟುತ್ತೇನೆ ಅಂದರು. ಕೊಳ್ಳಲು ದುಡ್ಡಿರಲಿಲ್ಲ ಅಂತಲ್ಲ. ಮೂವತ್ತು ವರ್ಷ ಮಕ್ಕಳಿಗೆ ಅನುರಣನ ಅಂದರೆ ಏನು ಅಂತ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟಿದ್ದೇನೆ, ಒಂದು ಸಲವಾದರೂ ಕೈಯಲ್ಲಿ ಹಿಡಿದು ನೋಡಬೇಕು ಅಂತ ಅವರ ಆಸೆ.

ಆರಿಸಿಕೊಂಡಿದ್ದು ಬಿಟ್‌ಎಕ್ಸ್ ಮಾದರಿ. ಹೈದರಾಬಾದಿನ ಅಶರ್ ಫರ್ಹಾನ್ ಅವರ ವಿನ್ಯಾಸ ಇದು, ಅವರ ಕಾಲ್ ಸೈನ್ ವಿಯು2ಇಎಸ್‌ಇ. ನಮ್ಮ ಪೇಟೆಯಲ್ಲಿ ಸಿಗುವ ಮಾಮೂಲಿ ಟ್ರಾನ್ಸಿಸ್ಟರ್‌ಗಳಲ್ಲೇ ಎಸ್‌ಎಸ್‌ಬಿ ಟ್ರಾನ್ಸೀವರ್, ಅಂದರೆ ಸಿಂಗಲ್ ಸೈಡ್‌ಬ್ಯಾಂಡ್ ಅನ್ನುವ ರೀತಿಯಲ್ಲಿ ದನಿ ಕಳಿಸುವ, ಕೇಳುವ ರೇಡಿಯೋ, ಕಟ್ಟಬಹುದು ಅಂತ ತೋರಿಸಿಕೊಟ್ಟಿದ್ದು ಅದು. ಕಾಯಿಲ್ ಸುತ್ತಲು ನಲ್ಲಿಯ ವಾಷರ್ ಕೂಡ ನಡೆಯುತ್ತದೆ ಅನ್ನುವಷ್ಟು ಕೈಗೆಟುಕುವ ವಿನ್ಯಾಸ. ಮೇಷ್ಟ್ರು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಬಂದು ಒಂದು ಇಡೀ ದಿನ ತಿರುಗಾಡಿ ಸಾಮಾನು ತಂದರು. ನಾನೂ ಜೊತೆಗಿದ್ದೆ. ರಾತ್ರಿ ಬಸ್ಸಿಗೆ ಹತ್ತುವಾಗ ಅವರ ಕೈಚೀಲದಲ್ಲಿ ಒಂದು ಹಳೇ ವಾಲ್ವ್ ರೇಡಿಯೋದ ಗ್ಯಾಂಗ್ ಕಂಡೆನ್ಸರ್, ಅಂದರೆ ತಿರುಗಿಸಿ ಬದಲಾಯಿಸುವ ಕೆಪಾಸಿಟರ್, ಇತ್ತು. ಅಲ್ಯೂಮಿನಿಯಂ ರೆಕ್ಕೆಗಳು ಒಂದರೊಳಗೆ ಒಂದು ಸದ್ದಿಲ್ಲದೆ ಜಾರುತ್ತಿದ್ದವು. ಅದನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಊರಿಗೆ ಹೋದರು.

ಉಳಿದ ರೇಡಿಯೋ ಎರಡು ವಾರದಲ್ಲಿ ಎದ್ದು ನಿಂತಿತು. 12 ಮೆಗಾಹರ್ಟ್ಜ್ ಕ್ರಿಸ್ಟಲ್‌ಗಳ ಫಿಲ್ಟರ್. ನಮ್ಮ ದೇಶದಲ್ಲಿ 40 ಮೀಟರ್ ಬ್ಯಾಂಡ್ ಅಂದರೆ 7.0ರಿಂದ 7.2 ಮೆಗಾಹರ್ಟ್ಜ್. ಹಾಗಾಗಿ ವಿಎಫ್‌ಒ 5.0ರಿಂದ 4.8 ಮೆಗಾಹರ್ಟ್ಜ್ ಒಳಗೆ ಓಡಾಡಬೇಕು. 12ರಲ್ಲಿ ಅದನ್ನು ಕಳೆದರೆ ಬ್ಯಾಂಡ್ ಸಿಗುತ್ತದೆ. ಇಲ್ಲೊಂದು ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ. ವಿಎಫ್‌ಒ ಕೆಳಗೆ ಇಳಿದರೆ ರೇಡಿಯೋ ಮೇಲೆ ಹೋಗುತ್ತದೆ, ವಿಎಫ್‌ಒ ಮೇಲೆ ಹೋದರೆ ರೇಡಿಯೋ ಕೆಳಗೆ.

ತೊಂದರೆ

ಮೊದಲನೇ ವಿಎಫ್‌ಒ ಹಾರ್ಟ್ಲಿ ಮಾದರಿಯದು. ರಾಲ್ಫ್ ಹಾರ್ಟ್ಲಿ 1915ರಲ್ಲಿ ಕಂಡುಕೊಂಡ ಸರ್ಕ್ಯೂಟ್. ಕಾಯಿಲ್‌ನ ಮಧ್ಯೆ ಒಂದು ಕಡೆಯಿಂದ ಟ್ಯಾಪ್, ಅಂದರೆ ಒಂದು ತಂತಿ, ತೆಗೆದು ಟ್ರಾನ್ಸಿಸ್ಟರ್‌ಗೆ ಕೊಟ್ಟರೆ ಸಾಕು, ಕೆಪಾಸಿಟರ್ ಕಡಿಮೆ ಬೇಕು. ಟ್ರಾನ್ಸಿಸ್ಟರ್ ಜಾಗದಲ್ಲಿ ಫೆಟ್ ಅನ್ನುವ ಬಗೆಯ ಬಿಎಫ್‌ಡಬ್ಲ್ಯೂ10. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಫೆಟ್ ಪ್ರಯೋಗ ಮಾಡಿದವರಿಗೆ ಈ ಪುಟ್ಟ ಲೋಹದ ಟೋಪಿ ನೆನಪಿರುತ್ತದೆ, ಅಲ್ವಾ? ಕಾಯಿಲ್ ಸುತ್ತಿದ್ದು ಹಳೇ ರೇಡಿಯೋದ ಫಾರ್ಮರ್ (ತಂತಿ ಸುತ್ತುವ ಕೊಳವೆ) ಮೇಲೆ, ಒಳಗೆ ಸ್ಕ್ರೂ ಡ್ರೈವರ್‌ನಿಂದ ತಿರುಗಿಸುವ ಫೆರೈಟ್ ಕೋರ್ ಇರುವಂಥದ್ದು. ಕೆಪಾಸಿಟರ್‌ಗಳು ಕಂದು ಬಣ್ಣದ ಮಾಮೂಲಿ ಡಿಸ್ಕ್ ಸೆರಾಮಿಕ್.

ಮೊದಲ ದಿನವೇ ಬೆಳಗಿನ ನೆಟ್ಟಿಗೆ, ಅಂದರೆ ಹ್ಯಾಮ್‌ಗಳೆಲ್ಲ ಒಂದೇ ಆವರ್ತನದಲ್ಲಿ ಸೇರಿ ಮಾತಾಡುವ ಕೂಟಕ್ಕೆ, ಬಂದರು. ಮೇಷ್ಟ್ರ ದನಿ ಕೇಳಿ ಎಲ್ಲರಿಗೂ ಖುಷಿ. ಐದು ನಿಮಿಷ ಆಗುವಷ್ಟರಲ್ಲಿ ದನಿ ಬದಲಾಗತೊಡಗಿತು. ಹತ್ತು ನಿಮಿಷಕ್ಕೆ ಏನು ಹೇಳುತ್ತಿದ್ದಾರೆ ಅಂತಲೇ ಗೊತ್ತಾಗಲಿಲ್ಲ. ಎಸ್‌ಎಸ್‌ಬಿಯಲ್ಲಿ ಹಾಗೆಯೇ. 50 ಹರ್ಟ್ಜ್ ಆಚೀಚೆ ಆದರೆ ಕಿವಿ ಸಹಿಸಿಕೊಳ್ಳುತ್ತದೆ, 300 ಆದರೆ ಮನುಷ್ಯರ ದನಿ ಅಂತ ಅನಿಸುವುದಿಲ್ಲ. “ಮೇಷ್ಟ್ರೇ, ನೀವು ಜಾರ್ತಾ ಇದ್ದೀರಿ” ಅಂತ ಯಾರೋ ಹೇಳಿದರು. ಅವರು ಗುಂಡಿ ತಿರುಗಿಸಿ ಸರಿಮಾಡಿಕೊಂಡರು, ಮತ್ತೆ ಜಾರಿತು. ಅರ್ಧ ಗಂಟೆಯಲ್ಲಿ ವಿಎಫ್‌ಒ 9 ಕಿಲೋಹರ್ಟ್ಜ್ ಕೆಳಗೆ ಇಳಿದಿತ್ತು, ಇನ್ನೂ ಇಳಿಯುತ್ತಲೇ ಇತ್ತು.

ಮೊದಲ ತಿಂಗಳು

ಮೊದಲ ತಿಂಗಳು ನಡೆದಿದ್ದನ್ನು ಬೇಗ ಹೇಳಿಬಿಡುತ್ತೇನೆ. ಯಾಕೆಂದರೆ ಅದರಲ್ಲಿ ಕಲಿಯುವಂಥದ್ದು ಕಡಿಮೆ. ಫೆಟ್ ಬದಲಾಯಿಸಿದರು. ವೋಲ್ಟೇಜ್ ರೆಗ್ಯುಲೇಟರ್ ಬದಲಾಯಿಸಿ 6.2 ವೋಲ್ಟ್ ಜೀನರ್ ಹಾಕಿದರು. ಬಫರ್‌ಗೆ ಇನ್ನೊಂದು ಹಂತ ಸೇರಿಸಿದರು. ಗೇಟ್‌ಗೆ ಡಯೋಡ್ ಹಾಕಿ ತೆಗೆದು ಮತ್ತೆ ಹಾಕಿದರು. ಬಿಎಫ್‌ಡಬ್ಲ್ಯೂ10ಕ್ಕೆ ನಾಲ್ಕನೇ ಕಾಲು ಇರುತ್ತದೆ, ಅದು ಬರೀ ಟೋಪಿಗೆ ಸೇರಿದ್ದು. ಅದನ್ನು ಗ್ರೌಂಡ್ ಮಾಡದೆ ಸುಮ್ನೆ ಬಿಟ್ಟಿದ್ದರು. ಗ್ರೌಂಡ್ ಮಾಡಿದಮೇಲೆ ಕೈ ಹತ್ತಿರ ತಂದಾಗ ಆವರ್ತನ ಅಲುಗಾಡುವುದು ಎಷ್ಟೋ ಕಡಿಮೆಯಾಯಿತು. ಆದರೆ ಜಾರುವುದು ಜಾರುತ್ತಲೇ ಇತ್ತು.

ದಿನಕ್ಕೊಂದು ಬದಲಾವಣೆ, ದಿನಕ್ಕೊಂದು ಫೋನು. “ಇವತ್ತು ಸ್ವಲ್ಪ ಪರವಾಗಿಲ್ಲ ಅನಿಸ್ತದೆ” ಅನ್ನುವರು. ಮಾರನೇ ದಿನ “ಇಲ್ಲ ಮಾರಾಯ್ರೇ, ಅದೇ ಕಥೆ” ಅನ್ನುವರು. ಎಷ್ಟು ಜಾರಿತು ಅಂತ ಕೇಳಿದರೆ ಒಂದು ಅಂದಾಜು ಹೇಳುತ್ತಿದ್ದರು. ಎಷ್ಟು ಹೊತ್ತಿನಲ್ಲಿ, ರೂಮಿನ ಬಿಸಿ ಎಷ್ಟಿತ್ತು, ಯಾವ ಕಡೆಗೆ ಜಾರಿತು ಅಂತ ಕೇಳಿದರೆ ಉತ್ತರ ಇರುತ್ತಿರಲಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೆ. ಸಾಮಾನು ಬದಲಾಯಿಸುತ್ತಾ ಹೋದರೆ ಒಂದಲ್ಲ ಒಂದು ದಿನ ಸರಿಹೋಗುತ್ತದೆ ಅಂತ ಇಬ್ಬರೂ ನಂಬಿದ್ದೆವು.

ಈ ನಡುವೆ ಅವರ ಹಳೇ ವಿದ್ಯಾರ್ಥಿಯೊಬ್ಬನ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ನೋಡಿ ಹೇಳಿದ, “ಸರ್, ಎಸ್‌ಐ5351 ಮಾಡ್ಯೂಲ್ ಹಾಕಿ. ಒಂದು ಆರ್ಡುಯಿನೊ ನ್ಯಾನೋ ಸಾಕು. ಒಂದು ದಿನದಲ್ಲಿ ಮುಗಿಯುತ್ತೆ.” ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಹೇಳಿದ ಹಾಗೆ ಆ ಪುಟ್ಟ ಚಿಪ್ ಕ್ರಿಸ್ಟಲ್ ಆಧಾರದ ಮೇಲೆ ಆವರ್ತನ ಹುಟ್ಟಿಸುತ್ತದೆ, ಜಾರುವ ಮಾತು ಹೆಚ್ಚುಕಡಿಮೆ ಮುಗಿಯುತ್ತದೆ. ಬಿಟ್‌ಎಕ್ಸ್40 ಅನ್ನುವ, ಇದೇ ವಿನ್ಯಾಸದ ಸಿದ್ಧ ಬೋರ್ಡ್ 2016ರಲ್ಲಿ ಬಂದಾಗ ಅದರಲ್ಲೂ ಮೊದಲು ಮಾಮೂಲಿ ವಿಎಫ್‌ಒ ಇತ್ತು, ಆಮೇಲೆ ಎಸ್‌ಐ5351 ಇರುವ ರಾಡುಯಿನೊ ಅನ್ನುವ ಪುಟ್ಟ ಬೋರ್ಡ್ ಬಂತು.

ಮೇಷ್ಟ್ರು ಒಂದು ರಾತ್ರಿ ಯೋಚನೆ ಮಾಡಿ, ಬೇಡ ಅಂದರು. “ಅದನ್ನು ಹಾಕಿದರೆ ರೇಡಿಯೋ ನಿಲ್ಲುತ್ತದೆ. ಇದು ಯಾಕೆ ನಿಲ್ಲಲಿಲ್ಲ ಅಂತ ನನಗೆ ಗೊತ್ತಾಗುವುದಿಲ್ಲ.” ನನ್ನ ಅಭಿಪ್ರಾಯ ಕೇಳಿದರೆ, ರೇಡಿಯೋದಲ್ಲಿ ಬೇಗ ಮಾತಾಡಬೇಕು ಅನ್ನುವವರಿಗೆ ಹುಡುಗನ ದಾರಿಯೇ ಸರಿ, ಅದರಲ್ಲಿ ಸಣ್ಣತನ ಏನೂ ಇಲ್ಲ. ಮೇಷ್ಟ್ರಿಗೆ ಬೇಕಾಗಿದ್ದು ಬೇರೆ. ಏನು ಬೇಕು ಅಂತ ಆ ರಾತ್ರಿ ಅವರೇ ತೀರ್ಮಾನ ಮಾಡಿಕೊಂಡಿದ್ದು ಒಳ್ಳೆಯದಾಯಿತು. ಅಲ್ಲಿಯವರೆಗೆ ಇದ್ದ ಅವಸರ ಅಲ್ಲಿಂದ ಮುಂದೆ ಕಾಣಲಿಲ್ಲ.

ಹಾಜರಿ ಪುಸ್ತಕ

ಮಾರನೇ ವಾರ ನಾನು ಅವರ ಮನೆಗೆ ಹೋದಾಗ ಮೇಜಿನ ಮೇಲೆ ಶಾಲೆಯ ಹಳೇ ಖಾಲಿ ಹಾಜರಿ ಪುಸ್ತಕ ಇತ್ತು. ಹೆಸರಿನ ಕಾಲಂನಲ್ಲಿ ನಿಮಿಷ ಬರೆದಿದ್ದರು. ಪಕ್ಕದ ಕಾಲಂಗಳಲ್ಲಿ ಆವರ್ತನ, ವಿಎಫ್‌ಒ ಇಟ್ಟ ಡಬ್ಬಿಯೊಳಗಿನ ಬಿಸಿ, ರೂಮಿನ ಬಿಸಿ. ಕೊನೆಗೆ ಒಂದು ಷರಾ ಕಾಲಂ. ಕೆಂಪು ಶಾಯಿ, ನೀಲಿ ಶಾಯಿ ಎರಡೂ ಇತ್ತು. ಕೆಳಗೆ ಹೋದರೆ ನೀಲಿ, ಮೇಲೆ ಹೋದರೆ ಕೆಂಪು. ಐದು ನಿಮಿಷಕ್ಕೊಂದು ಸಲ ಆವರ್ತನ ತೋರಿಸುವ ಕೌಂಟರ್ ನೋಡಿ ಬರೆಯುವುದು, ಒಂದು ಸಲಕ್ಕೆ 40 ನಿಮಿಷ. ಅಡಿಗೆಮನೆಯ ಟೈಮರ್ ಪಕ್ಕದಲ್ಲಿ ಟಿಕ್ ಟಿಕ್ ಅನ್ನುತ್ತಿತ್ತು.

ಪುಸ್ತಕ ತೆರೆದ ಮೊದಲ ದಿನವೇ ಅವರು ಕೇಳಿದ ಪ್ರಶ್ನೆ: ಕೌಂಟರೇ ಜಾರುತ್ತಿದ್ದರೆ? ಅದಕ್ಕಾಗಿ ವಿಎಫ್‌ಒ ಬಿಟ್ಟು ರೇಡಿಯೋದ 12 ಮೆಗಾಹರ್ಟ್ಜ್ ಕ್ರಿಸ್ಟಲ್ ಆಸಿಲೇಟರನ್ನು ಒಂದು ಗಂಟೆ ಅಳೆದರು. 20 ಹರ್ಟ್ಜ್ ಒಳಗೇ ಇತ್ತು. ಅಳೆಯುವ ಕೋಲು ಸರಿ ಇದೆ ಅಂತ ಆಯಿತು. ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಮಾಡದ ಕೆಲಸ ಇದು.

ಆಮೇಲೆ ಸಾಮಾನುಗಳನ್ನು ಒಂದೊಂದಾಗಿ ಬಿಸಿ ಮಾಡಿ ನೋಡಿದರು. ಸೋಲ್ಡರಿಂಗ್ ಐರನ್ ತುದಿಯನ್ನು ತಾಗಿಸದೆ, ಹತ್ತಿರ ಹಿಡಿದು ಹತ್ತು ಎಣಿಸುವುದು. ಫೆಟ್ ಹತ್ತಿರ ಹಿಡಿದರೆ ಅಂಕಿ ಸ್ವಲ್ಪ ಅಲುಗಿತು. ಜೀನರ್ ಹತ್ತಿರ ಏನೂ ಇಲ್ಲ. ಡಿಸ್ಕ್ ಕೆಪಾಸಿಟರ್ ಹತ್ತಿರ ಹಿಡಿದಾಗ ಕೌಂಟರಿನ ಅಂಕಿಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಕೆಳಗೆ ಓಡಿದವು. ಫೆರೈಟ್ ಕೋರ್ ಹತ್ತಿರವೂ ಅದೇ. ಒಂದು ತಿಂಗಳು ನಾವು ಬದಲಾಯಿಸಿದ್ದು ಫೆಟ್, ಜೀನರ್, ಬಫರ್. ಕಳ್ಳರು ಇಬ್ಬರೂ ಮೊದಲಿನಿಂದ ಅಲ್ಲೇ ಕೂತಿದ್ದರು.

ನನ್ನ ತಪ್ಪು ಸಲಹೆ

ಕಾಯಿಲ್‌ಗೆ ಏನು ಮಾಡಬೇಕು ಅನ್ನುವುದರಲ್ಲಿ ಗೊಂದಲ ಇರಲಿಲ್ಲ. ನನ್ನ ಹತ್ತಿರ ಹಳದಿ ಬಣ್ಣದ ಟಿ50-6 ಟೊರಾಯ್ಡ್ ಇದ್ದವು, ಕೊಟ್ಟೆ. ಕಬ್ಬಿಣದ ಪುಡಿಯ ಈ ಉಂಗುರ ಬಿಸಿಗೆ ತುಂಬ ಕಡಿಮೆ ಬದಲಾಗುತ್ತದೆ, ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 35 ಪಾಲು. ಕೆಂಪು ಬಣ್ಣದ ಟಿ50-2 ಆದರೆ ಸುಮಾರು 95. 26 ಗೇಜ್ ತಂತಿ 32 ಸುತ್ತು, ಗ್ರೌಂಡ್ ಕಡೆಯಿಂದ 8ನೇ ಸುತ್ತಿಗೆ ಟ್ಯಾಪ್. ಕಾಯಿಲ್‌ನ ಅಳತೆ, ಅಂದರೆ ಇಂಡಕ್ಟೆನ್ಸ್, ಸುಮಾರು 4.1 ಮೈಕ್ರೋಹೆನ್ರಿ ಬರುತ್ತದೆ. ಸುತ್ತಿದ ಕಾಯಿಲನ್ನು ಮೇಷ್ಟ್ರ ಮನೆಯವರು ಒಂದು ಪುಟ್ಟ ಪಾತ್ರೆಯಲ್ಲಿ ನೀರಿಟ್ಟು ಕುದಿಸಿಕೊಟ್ಟರು. ಸುತ್ತುವಾಗ ತಂತಿಯಲ್ಲಿ ಉಳಿಯುವ ಎಳೆತ ಹಾಗೆ ಕುದಿಸಿ ತಾನಾಗೇ ಆರಲು ಬಿಟ್ಟರೆ ಸಡಿಲವಾಗುತ್ತದೆ. ಒಣಗಿದ ಮೇಲೆ ಸುತ್ತುಗಳು ಅಲುಗದ ಹಾಗೆ ಉಗುರುಬಣ್ಣ ಹಚ್ಚಿದರು.

ಕೆಪಾಸಿಟರ್ ವಿಷಯದಲ್ಲಿ ನಾನು ಎಡವಿದೆ. “ಎಲ್ಲ ಪಾಲಿಸ್ಟೈರೀನ್ ಹಾಕಿ ಮೇಷ್ಟ್ರೇ, ವಿಎಫ್‌ಒಗೆ ಅದೇ ಒಳ್ಳೆಯದು” ಅಂದೆ. ನಾನು ಕೇಳಿದ್ದು ಹಾಗೆ, ಓದಿದ್ದು ಹಾಗೆ, ಹೇಳಿದ್ದೂ ಹಾಗೇ. ಒಳಗಿನ ಬೆಳ್ಳಿ ಬಣ್ಣದ ಸುರುಳಿ ಹೊರಗೆ ಕಾಣುವ ಆ ಪಾರದರ್ಶಕ ಕೆಪಾಸಿಟರ್‌ಗಳನ್ನು ಹುಡುಕಿ ತಂದದ್ದಾಯಿತು. ಬೆಸುಗೆ ಹಾಕುವಾಗ ಬಿಸಿ ಏರಿದರೆ ಅವು ಕರಗುತ್ತವೆ, ಅದಕ್ಕೆ ಕಾಲನ್ನು ಚಿಮಟದಲ್ಲಿ ಹಿಡಿದು ಒಂದೊಂದೇ ಹಾಕಿದರು.

ಫಲಿತಾಂಶ ನೋಡಿ ನಮ್ಮಿಬ್ಬರಿಗೂ ಬೇಸರವಾಯಿತು. 9 ಕಿಲೋಹರ್ಟ್ಜ್ ಇದ್ದದ್ದು 1.6ಕ್ಕೆ ಬಂದಿತ್ತು, ಅದು ನಿಜ. ಆದರೆ ನೆಟ್ಟಿನಲ್ಲಿ ಮಾತಾಡಲು 1.6 ಕೂಡ ಜಾಸ್ತಿಯೇ. ಇಷ್ಟು ಒಳ್ಳೇ ಸಾಮಾನು ಹಾಕಿಯೂ ಹೀಗೆ ಅಂದರೆ ಇನ್ನೇನು ಮಾಡುವುದು ಅಂತ ನಾನು ಸುಮ್ಮನಾದೆ. ಎಸ್‌ಐ5351 ಹಾಕೋಣ ಅಂತ ಬಾಯಿ ತುದಿಗೆ ಬಂದಿತ್ತು.

ಮೇಷ್ಟ್ರು ಪುಸ್ತಕದ ಪುಟ ತಿರುಗಿಸುತ್ತಿದ್ದರು. ನನಗೆ ತೋರಿಸಿ ಕೇಳಿದರು, “ಇದು ಯಾಕೆ ಕೆಂಪು?”

ಅಲ್ಲಿಯವರೆಗೆ ಎಲ್ಲ ಪುಟವೂ ನೀಲಿ. ಈ ಪುಟ ಪೂರ್ತಿ ಕೆಂಪು. ವಿಎಫ್‌ಒ ಈಗ ಕೆಳಗೆ ಜಾರುತ್ತಿರಲಿಲ್ಲ, ಮೇಲೆ ಜಾರುತ್ತಿತ್ತು.

ಇಡೀ ಪ್ರಕರಣದ ತಿರುವು ಇದು. ನಾನು ಎಷ್ಟು ಜಾರಿತು ಅಂತ ಮಾತ್ರ ನೋಡಿದ್ದೆ. ಯಾವ ಕಡೆಗೆ ಅಂತ ನೋಡಿರಲಿಲ್ಲ. ಒಂದು ಸಾಮಾನಿನಿಂದ ಕೆಳಗೆ, ಇನ್ನೊಂದರಿಂದ ಮೇಲೆ ಅಂದರೆ ಸೊನ್ನೆ ಇವೆರಡರ ನಡುವೆ ಎಲ್ಲೋ ಇರಲೇಬೇಕು.

ಲೆಕ್ಕ

ಕಾಯಿಲ್ ಬಿಸಿಯಾದರೆ ಅದರ ಇಂಡಕ್ಟೆನ್ಸ್ ಹೆಚ್ಚುತ್ತದೆ, ಆವರ್ತನ ಇಳಿಯುತ್ತದೆ. ಪಾಲಿಸ್ಟೈರೀನ್ ಬಿಸಿಯಾದರೆ ಅದರ ಕೆಪಾಸಿಟೆನ್ಸ್ ಕಡಿಮೆಯಾಗುತ್ತದೆ, ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 150 ಪಾಲು. ಅದರಿಂದ ಆವರ್ತನ ಏರುತ್ತದೆ. ಎನ್‌ಪಿ0 ಅಂತ ಬರುವ ಸೆರಾಮಿಕ್ ಕೆಪಾಸಿಟರ್ ಬಿಸಿಗೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಇನ್ನೊಂದು ವಿಷಯ, ಕಾಯಿಲ್ ಅಥವಾ ಕೆಪಾಸಿಟರ್ ಯಾವುದಾದರೂ ಶೇಕಡಾ 2 ಬದಲಾದರೆ ಆವರ್ತನ ಬದಲಾಗುವುದು ಶೇಕಡಾ 1 ಮಾತ್ರ, ವರ್ಗಮೂಲ ಇರುವುದರಿಂದ.

ಈಗ ಬರೀ ಎನ್‌ಪಿ0 ಹಾಕಿದ್ದರೆ? ಕಾಯಿಲ್‌ನ 35ರಲ್ಲಿ ಅರ್ಧ, ಅಂದರೆ 17.5. 5 ಮೆಗಾಹರ್ಟ್ಜ್‌ನಲ್ಲಿ ಡಿಗ್ರಿಗೆ ಸುಮಾರು 87 ಹರ್ಟ್ಜ್ ಕೆಳಗೆ. ಡಬ್ಬಿಯ ಒಳಗೆ ಮೊದಲ 40 ನಿಮಿಷದಲ್ಲಿ 8 ಡಿಗ್ರಿ ಏರುತ್ತಿತ್ತು, ಹಾಗಾಗಿ ಸುಮಾರು 700 ಹರ್ಟ್ಜ್. ಬರೀ ಪಾಲಿಸ್ಟೈರೀನ್ ಹಾಕಿದರೆ ಅದು ಕಾಯಿಲನ್ನು ಸರಿದೂಗಿಸಿ, ಅದನ್ನೂ ದಾಟಿ ಮೇಲೆ ಹೋಗುತ್ತದೆ. ನಮ್ಮ 1.6 ಕಿಲೋಹರ್ಟ್ಜ್ ಬಂದದ್ದು ಹಾಗೆ. ಸಾಮಾನು ಕೆಟ್ಟದಾಗಿರಲಿಲ್ಲ. ಕಾಯಿಲ್‌ಗೆ ಬೇಕಾದಷ್ಟಕ್ಕಿಂತ ಜಾಸ್ತಿ ಔಷಧಿ ಹಾಕಿದ್ದೆವು.

ಎಷ್ಟು ಬೇಕು? 4.1 ಮೈಕ್ರೋಹೆನ್ರಿಗೆ 5.0 ಮೆಗಾಹರ್ಟ್ಜ್‌ನಲ್ಲಿ ಒಟ್ಟು 247 ಪಿಎಫ್ (ಪಿಕೋಫ್ಯಾರಡ್, ಕೆಪಾಸಿಟರ್ ಅಳೆಯುವ ಮಾನ) ಬೇಕು, 4.8ರಲ್ಲಿ 268. ಸುಮಾರು 250 ಅಂತ ಇಟ್ಟುಕೊಳ್ಳಿ. ಅದರಲ್ಲಿ 150 ಪಾಲು ಇಳಿಯುವ ಪಾಲಿಸ್ಟೈರೀನ್ ಎಷ್ಟಿದ್ದರೆ ಒಟ್ಟಾರೆ 35 ಪಾಲು ಇಳಿಯುತ್ತದೆ? 250ನ್ನು 35ರಿಂದ ಗುಣಿಸಿ 150ರಿಂದ ಭಾಗಿಸಿದರೆ ಸುಮಾರು 58. ಮೇಷ್ಟ್ರು ಇದನ್ನು ಪುಸ್ತಕದ ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಮಾಡಿದರು. ಹೈಸ್ಕೂಲ್ ಹುಡುಗರು ಮಾಡುವ ಲೆಕ್ಕ ಅದು. ತಿಂಗಳಾನುಗಟ್ಟಲೆ ಸುತ್ತಿದ್ದು ಎರಡು ಸಾಲಿನಲ್ಲಿ ಬಂದು ನಿಂತಿತು.

56 ಪಿಎಫ್ ಪಾಲಿಸ್ಟೈರೀನ್ ಒಂದು, ಉಳಿದದ್ದೆಲ್ಲ ಎನ್‌ಪಿ0. 40 ನಿಮಿಷಕ್ಕೆ 190 ಹರ್ಟ್ಜ್ ಕೆಳಗೆ. ಗ್ಯಾಂಗ್, ಫೆಟ್, ತಂತಿ ಇವುಗಳದ್ದೂ ಸ್ವಲ್ಪ ಪಾಲಿರುತ್ತದೆ, ಲೆಕ್ಕದಲ್ಲಿ ಅವನ್ನು ಸೇರಿಸಿರಲಿಲ್ಲ. 82 ಹಾಕಿದರು, 120 ಹರ್ಟ್ಜ್ ಮೇಲೆ. ನಡುವೆ ಪೇಟೆಯಲ್ಲಿ ಸಿಗುವ ಅಳತೆ 68. ಅದನ್ನು ಹಾಕಿದ ದಿನ 40 ನಿಮಿಷಕ್ಕೆ 45 ಹರ್ಟ್ಜ್ ಕೆಳಗೆ ಬಂತು. ಷರಾ ಕಾಲಂನಲ್ಲಿ “ಉತ್ತಮ” ಅಂತ ಬರೆದಿದ್ದಾರೆ, ಶಾಲೆಯ ಕೈಬರಹದಲ್ಲೇ.

ಟ್ಯೂನಿಂಗ್ ಬಗ್ಗೆ ಒಂದು ಮಾತು. ಗ್ಯಾಂಗ್ ಸುಮಾರು 15ರಿಂದ 500 ಪಿಎಫ್‌ವರೆಗೆ ಬದಲಾಗುತ್ತದೆ, ನಮಗೆ ಬೇಕಾದ್ದು 21 ಪಿಎಫ್ ವ್ಯತ್ಯಾಸ. ಅದಕ್ಕೆ 33 ಪಿಎಫ್ ಎನ್‌ಪಿ0 ಸರಣಿಯಲ್ಲಿ ಹಾಕಿದರೆ ಸರಿಯಾಗಿ ಹೊಂದುತ್ತದೆ. ತಿರುಗಿಸಲು ಹಳೇ ರೇಡಿಯೋದ ಡಯಲ್ ದಾರ ಮತ್ತು ರಾಟೆ. ಅದೂ ಎಸ್‌ಎಸ್‌ಬಿಗೆ ಸ್ವಲ್ಪ ಒರಟೇ. ಅದಕ್ಕೆ ಒಂದೆರಡು ಕಿಲೋಹರ್ಟ್ಜ್ ಆಚೀಚೆ ಸರಿಸಲು ಬೇರೆ ಪುಟ್ಟ ಗುಂಡಿ ಇದೆ.

ಕರೆಂಟ್ ಹೋದ ಮಧ್ಯಾಹ್ನ

ಇಷ್ಟಕ್ಕೇ ಮುಗಿಯಲಿಲ್ಲ. ಬೆಳಿಗ್ಗೆ ಪುಟಗಳು ಚೆನ್ನಾಗಿದ್ದವು, ಮಧ್ಯಾಹ್ನದ ಪುಟಗಳು ಮಾತ್ರ ಕೆಂಪು ನೀಲಿ ಕೆಂಪು ನೀಲಿ. ಒಂದು ಕಡೆಗೆ ಜಾರುವುದಲ್ಲ, 60-70 ಹರ್ಟ್ಜ್ ಆಚೀಚೆ ಅಲೆಯುವುದು. ಬೆಸುಗೆ ಬಿಟ್ಟಿರಬೇಕು ಅಂತ ಎಲ್ಲ ಬೆಸುಗೆ ಮತ್ತೆ ಮಾಡಿದರು. ಗ್ಯಾಂಗ್‌ನ ಬೇರಿಂಗ್ ಒರೆಸಿದರು. ಬದಲಾಗಲಿಲ್ಲ.

ಆಗಲೇ ಮಳೆ ಶುರುವಾಗಿತ್ತು. ಒಂದು ಮಧ್ಯಾಹ್ನ ಅಳೆಯುತ್ತಾ ಇದ್ದಾಗ ಕರೆಂಟ್ ಹೋಯಿತು. ರೇಡಿಯೋ, ಕೌಂಟರ್ ಎರಡೂ 12 ವೋಲ್ಟ್ ಬ್ಯಾಟರಿಯಲ್ಲಿದ್ದವು, ಹಾಗಾಗಿ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಆ ಪುಟ ನಾನು ನೋಡಿದ್ದೇನೆ. ಮೊದಲ ಮೂರು ಸಾಲು ಅಲೆದಾಟ. ಆಮೇಲೆ ನಾಲ್ಕು ಸಾಲು ಹೆಚ್ಚುಕಡಿಮೆ ಒಂದೇ ಅಂಕಿ. ಆಮೇಲೆ ಮತ್ತೆ ಅಲೆದಾಟ. ಷರಾದಲ್ಲಿ ಬರೆದಿದ್ದಾರೆ: “ಕರೆಂಟ್ ಹೋಯಿತು. ಕರೆಂಟ್ ಬಂತು.” ಅದರ ಕೆಳಗೆ ಇನ್ನೊಂದು ಸಾಲು, ದೊಡ್ಡ ಅಕ್ಷರದಲ್ಲಿ: “ಫ್ಯಾನ್!”

ಸೀಲಿಂಗ್ ಫ್ಯಾನ್ ಗಾಳಿ ನೇರವಾಗಿ ಮೇಜಿನ ಮೇಲೆ ಬೀಳುತ್ತಿತ್ತು. ವಿಎಫ್‌ಒ ಡಬ್ಬಿ ತಾಮ್ರದ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ತುಂಡುಗಳನ್ನು ಬೆಸೆದು ಮಾಡಿದ್ದು, ಮೇಲಿನ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿ ಒಳಗೆ ನುಗ್ಗಿ ಕಾಯಿಲ್ ಒಂದು ಕ್ಷಣ ತಣ್ಣಗಾಗುವುದು, ಮತ್ತೆ ಬಿಸಿಯಾಗುವುದು. ಬೆಳಿಗ್ಗೆ ಚಳಿಗೆ ಫ್ಯಾನ್ ಹಾಕುತ್ತಿರಲಿಲ್ಲ, ಅದಕ್ಕೇ ಬೆಳಗಿನ ಪುಟಗಳು ಚೆನ್ನಾಗಿದ್ದವು. ಮುಚ್ಚಳದ ನಾಲ್ಕೂ ಅಂಚು ಬೆಸೆದು, ಡಬ್ಬಿಯ ಸುತ್ತ ಟಿವಿ ಪೆಟ್ಟಿಗೆಯಲ್ಲಿ ಬಂದ ಥರ್ಮೋಕೋಲ್ ಕತ್ತರಿಸಿ ಅಂಟಿಸಿದರು. ಬಿಸಿ ಏರುವುದು ನಿಧಾನವಾಯಿತು. ಮೊದಲ ಕಾಲು ಗಂಟೆ ರೇಡಿಯೋ ಹಾಕಿ ಬಿಡಬೇಕು, ಆಮೇಲೆ ಗಂಟೆಗೆ 30 ಹರ್ಟ್ಜ್ ಒಳಗೆ ಇರುತ್ತದೆ.

ಪಿಟಿಟಿ ಒತ್ತಿದಾಗ

ಕೊನೆಯದು ಒಂದು ಉಳಿದಿತ್ತು. ಕೇಳುವಾಗ ಚೆನ್ನಾಗಿತ್ತು, ಆದರೆ ಮೇಷ್ಟ್ರು ಮಾತಾಡಲು ಪಿಟಿಟಿ, ಅಂದರೆ ಮಾತಾಡುವಾಗ ಒತ್ತುವ ಬಟನ್, ಒತ್ತಿದ ತಕ್ಷಣ ಆಚೆಯವರಿಗೆ ದನಿ 300 ಹರ್ಟ್ಜ್ ಹಾರಿದ ಹಾಗೆ ಕೇಳುತ್ತಿತ್ತು. ಇದೂ ಬಿಸಿಯ ಜಾರಾಟವೇ ಅಂತ ಮೊದಲಿನಿಂದ ಅಂದುಕೊಂಡಿದ್ದೆವು. ಪುಸ್ತಕದಲ್ಲಿ ನೋಡಿದರೆ ಜಾರುವುದು ನಿಧಾನ, ಇದು ಒಂದೇ ಏಟಿಗೆ, ಪಿಟಿಟಿ ಬಿಟ್ಟರೆ ತಕ್ಷಣ ವಾಪಸ್. ಬಿಸಿ ಹಾಗೆ ಹಾರುವುದಿಲ್ಲ.

ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಅಂತ ಮದ್ದು ಮಾಡುತ್ತಿದ್ದೆವು. ಮೇಷ್ಟ್ರು ಆಂಟೆನಾ ತೆಗೆದು ಡಮ್ಮಿ ಲೋಡ್, ಅಂದರೆ ಆಂಟೆನಾ ಬದಲು ಶಕ್ತಿಯನ್ನು ನುಂಗುವ ರೆಸಿಸ್ಟರ್, ಹಾಕಿ ಒತ್ತಿದರು, ಹಾರುವುದು ಕಡಿಮೆಯಾಯಿತು. ಅಂದರೆ ಹೊರಗೆ ಹೋಗುವ ಆರ್‌ಎಫ್ (ರೇಡಿಯೋ ಅಲೆಯ ಶಕ್ತಿ) ಸ್ವಲ್ಪ ವಾಪಸ್ ಬಂದು, ವಿದ್ಯುತ್ ತಂತಿ ಹಿಡಿದು ಡಬ್ಬಿಯೊಳಗೆ ಸೇರುತ್ತಿತ್ತು. ತಂತಿ ಡಬ್ಬಿ ಸೇರುವ ಕಡೆ ಫೆರೈಟ್ ಮಣಿ ಮತ್ತು 0.1 ಮೈಕ್ರೋಫ್ಯಾರಡ್, ವಿಎಫ್‌ಒಗೆ ಮತ್ತು ಪವರ್ ಆಂಪ್ಲಿಫೈಯರ್‌ಗೆ ಬೇರೆ ಬೇರೆ ಗ್ರೌಂಡ್ ತಂತಿ, ಎರಡೂ ಬ್ಯಾಟರಿ ಹತ್ತಿರ ಮಾತ್ರ ಸೇರುವ ಹಾಗೆ. ಒಂದೇ ಸಂಜೆಯಲ್ಲಿ 300 ಇದ್ದದ್ದು 20 ಹರ್ಟ್ಜ್ ಒಳಗೆ ಬಂತು. ಇದನ್ನು ಮೊದಲ ವಾರವೇ ಮಾಡಬಹುದಿತ್ತು. ಬೇರೆ ಮಾಡಿ ನೋಡಬೇಕು ಅಂತ ಹೊಳೆಯಲು ಪುಸ್ತಕ ಬೇಕಾಯಿತು.

ಈಗ ಹೇಗಿದೆ

ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದೆ. ಏಪ್ರಿಲ್‌ನಲ್ಲಿ ರೂಮಿನ ಬಿಸಿ ಬೆಳಗಿನ 24ರಿಂದ ಮಧ್ಯಾಹ್ನ 33ಕ್ಕೆ ಏರಿದ ದಿನ ಸುಮಾರು 100 ಹರ್ಟ್ಜ್ ಜಾರಿದೆ, ಇಡೀ ದಿನಕ್ಕೆ. ಜೋರು ಮಳೆಯಲ್ಲಿ ತೇವಕ್ಕೆ ಮೊದಲ ಕೆಲವು ನಿಮಿಷ ಸ್ವಲ್ಪ ಕಿರಿಕಿರಿ ಇದೆ, ಅದಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದಾರೆ. ಎಸ್‌ಐ5351 ಇದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಟ್ಟಿನಲ್ಲಿ ಯಾರೂ ಈಗ ಜಾರುತ್ತಿದ್ದೀರಿ ಅನ್ನುವುದಿಲ್ಲ.

ಇನ್ನೊಬ್ಬರು ಹೀಗೆ ಕಟ್ಟಲು ಹೊರಟರೆ ನಾನು ಈಗ ಸಾಮಾನಿನ ಪಟ್ಟಿ ಕೊಡುವುದಿಲ್ಲ. ಮೊದಲ ದಿನದಿಂದಲೇ ಬರೆಯಿರಿ, ಎಷ್ಟು ಅಂತ ಮಾತ್ರವಲ್ಲ ಯಾವ ಕಡೆಗೆ ಅಂತಲೂ ಬರೆಯಿರಿ, ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಿ ಅನ್ನುತ್ತೇನೆ. ಪಾಲಿಸ್ಟೈರೀನ್ ಒಳ್ಳೆಯದು ಅಂತ ಯಾರಾದರೂ ಹೇಳಿದರೆ, ಯಾವ ಕಾಯಿಲ್ ಜೊತೆಗೆ ಅಂತ ಕೇಳುತ್ತೇನೆ. ಕೆಂಪು ಟಿ50-2 ಆಗಿದ್ದರೆ ನನ್ನ ಸಲಹೆ ಅಷ್ಟೊಂದು ತಪ್ಪಾಗುತ್ತಿರಲಿಲ್ಲ.

ಹೋದ ತಿಂಗಳು ಮೇಷ್ಟ್ರ ಮನೆಗೆ ಹೋಗಿದ್ದೆ. ಎಸ್‌ಐ5351 ಹಾಕಿ ಅಂದಿದ್ದ ಹುಡುಗ ಅಲ್ಲೇ ಕೂತಿದ್ದ, ಕೈಯಲ್ಲಿ ಅರ್ಧ ಸುತ್ತಿದ ಹಳದಿ ಟೊರಾಯ್ಡ್. ರಜೆಯಲ್ಲಿ ಒಂದು ಕಟ್ಟಿ ನೋಡುತ್ತಾನಂತೆ, 20 ಮೀಟರ್‌ಗೆ. ಹಾಜರಿ ಪುಸ್ತಕದಲ್ಲಿ ಹೊಸ ಪುಟ ತೆರೆದು ಮೇಷ್ಟ್ರು ಗೆರೆ ಎಳೆದುಕೊಡುತ್ತಿದ್ದರು. ನಿಮಿಷ, ಆವರ್ತನ, ಡಬ್ಬಿ, ರೂಮು, ಷರಾ. ರೂಮಿನ ಕಾಲಂ ಪಕ್ಕದಲ್ಲಿ ಹೊಸದಾಗಿ ಇನ್ನೊಂದು ಸಣ್ಣ ಮನೆ ಎಳೆದು ಅದರ ಮೇಲೆ “ಫ್ಯಾನ್” ಅಂತ ಬರೆದರು.